ಕಾಸರಗೋಡಿನಲ್ಲಿ ಕತ್ತಲೆಯ ಆಕಾಶ: ಕಡಲತೀರ, ಪೊಸಡಿಗುಂಪೆ, ರಾಣಿಪುರಂ, ಪದವು

ಕಾಸರಗೋಡಿನ ಅಕ್ಷಾಂಶ ಸುಮಾರು 12.5 ಡಿಗ್ರಿ. ಧ್ರುವನಕ್ಷತ್ರ ಬಡಗು ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಹೆಚ್ಚಾಗಿ ತೆಂಗಿನ ಮರದ ಮರೆಯಲ್ಲಿ ಇರುತ್ತದೆ. ನಮ್ಮ ಆಸ್ತಿಯೆಲ್ಲ ತೆಂಕು ದಿಕ್ಕಿನಲ್ಲಿ. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 30 ಡಿಗ್ರಿ ಏರುತ್ತದೆ, ಈಟಾ ಕರೀನಾ ನೀಹಾರಿಕೆ 18, ತ್ರಿಶಂಕುವಿನ (ಸದರ್ನ್ ಕ್ರಾಸ್) ಬುಡದ ನಕ್ಷತ್ರ 14. ಆದ್ದರಿಂದ ಆಕಾಶ ನೋಡಲು ಜಾಗ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಎರಡು. ತೆಂಕಿನಲ್ಲಿ ಎಷ್ಟು ಕೆಳಗಿನವರೆಗೆ ತೆರೆದಿದೆ? ಬೆಳಗಿನ ಜಾವ ನಾಲ್ಕರ ತನಕ ಅಲ್ಲಿ ಕೂರಲಾಗುತ್ತದೆಯೇ?

ಮೊಬೈಲಿನ ಬೆಳಕುಮಾಲಿನ್ಯದ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದರ ಹಿಂದಿರುವ ಉಪಗ್ರಹದ ಸಂವೇದಕಕ್ಕೆ 500 ನ್ಯಾನೋಮೀಟರಿಗಿಂತ ಕೆಳಗಿನ ನೀಲಿ ಬೆಳಕು ಕಾಣುವುದಿಲ್ಲ. ಪಂಚಾಯಿತಿ ಹಳದಿ ದೀಪ ಕಿತ್ತು ಬಿಳಿ ಎಲ್ಇಡಿ ಹಾಕಿದ ಊರು ನಕ್ಷೆಯಲ್ಲಿ ಇರುವುದಕ್ಕಿಂತ ಕಪ್ಪಾಗಿ ತೋರುತ್ತದೆ. ಕೃತ್ತಿಕೆ ನಕ್ಷತ್ರಗುಂಪು ಅದಕ್ಕಿಂತ ಒಳ್ಳೆಯ ಅಳತೆಗೋಲು. ಬರಿಗಣ್ಣಿಗೆ ಆರು ನಕ್ಷತ್ರ ಸಲೀಸಾಗಿ ಸಿಕ್ಕಿದರೆ ಸಾಧಾರಣ; ಏಳನೆಯದು, ಎಂಟನೆಯದು ಬಿಡಿಬಿಡಿಯಾಗಿ ಕಂಡರೆ ಟೆಲಿಸ್ಕೋಪ್ ಇಳಿಸಬಹುದು. ಈ ಲೆಕ್ಕಕ್ಕೂ ಮೊದಲು ಕಣ್ಣಿಗೆ ಅರ್ಧ ಗಂಟೆ ಕತ್ತಲೆ ಬೇಕು.

ಕಡಲತೀರವನ್ನು ಎಲ್ಲರೂ ಮೊದಲೇ ತಳ್ಳಿಹಾಕುತ್ತಾರೆ. ಹೆದ್ದಾರಿ 66ರ ದೀಪ, ಉಪ್ಪುಗಾಳಿ, ತೇವ ಎಲ್ಲವೂ ನಿಜವೇ. ಆದರೆ ನಮ್ಮ ಕರಾವಳಿ ನೇರ ಬಡಗು-ತೆಂಕಾಗಿಲ್ಲ. ತೆಂಕಿಗೆ ಹೋದಂತೆ ಮೂಡಣಕ್ಕೆ ಸರಿಯುತ್ತದೆ. ಮಂಜೇಶ್ವರದ ಕಣ್ವತೀರ್ಥದಲ್ಲಿ ನಿಂತು ಸರಿಯಾಗಿ ತೆಂಕಿಗೆ ಮುಖ ಮಾಡಿದರೆ ಎದುರಿಗೆ ಬರೀ ಸಮುದ್ರ. ಊರಿಲ್ಲ, ಗುಡ್ಡೆಯಿಲ್ಲ, ಮರವಿಲ್ಲ. ಮೀನಿನ ದೋಣಿಗಳ ದೀಪ ಇದ್ದರೆ ಇತ್ತು. ಇನ್ನೊಂದು ಲಾಭ ಗಾಳಿಯದು. ಸಂಜೆ ಕಡಲಿನಿಂದ ಬೀಸುವ ಗಾಳಿ ಉಪ್ಪಿನ ಹನಿ ತಂದು ಲೆನ್ಸಿಗೆ ಎರಚುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಕಳೆದಂತೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ, ತುಸು ಒಣಗಿರುತ್ತದೆ. ಫೆಬ್ರವರಿ ನಡುವಿನಲ್ಲಿ ಅಗಸ್ತ್ಯ ನಕ್ಷತ್ರ ತೆಂಕಿನಲ್ಲಿ ನೆಟ್ಟಗೆ ಬರುವುದು ರಾತ್ರಿ 9 ದಾಟಿ, ಈಟಾ ಕರೀನಾ ಒಂದೂವರೆಯ ಮೇಲೆ, ಒಮೆಗಾ ಸೆಂಟಾರಿ ನಾಲ್ಕರ ಮೇಲೆ. ಅಂದರೆ ತೀರದ ಒಳ್ಳೆಯ ಹೊತ್ತೂ ತೆಂಕಿನ ಒಳ್ಳೆಯ ವಸ್ತುಗಳೂ ಒಟ್ಟಿಗೇ ಸಿಗುತ್ತವೆ. ಸಂಜೆ ಹೋಗಿ ಹತ್ತಕ್ಕೆ ಮರಳುವವರಿಗೆ ಇಲ್ಲಿ ನಿರಾಶೆಯೇ ಗತಿ.

ಸಮುದ್ರಮಟ್ಟದ ದಪ್ಪ ಗಾಳಿ ಮಾತ್ರ ತಪ್ಪದು. 30 ಡಿಗ್ರಿಯಲ್ಲಿರುವ ವಸ್ತುವಿನ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡು ಪಾಲು ಗಾಳಿ ದಾಟಿ ಬರಬೇಕು, 14 ಡಿಗ್ರಿಯದಾದರೆ ಸುಮಾರು ನಾಲ್ಕು ಪಾಲು. ಮಾರ್ಚ್ ಹಿಡಿದರೆ ಮಬ್ಬು ಹೆಚ್ಚುತ್ತದೆ. ತ್ರಿಶಂಕು ಕಂಡರೂ ಮಂಕು.

ಪೊಸಡಿಗುಂಪೆ ಗುಡ್ಡೆಯ ಹೆಸರು ದೊಡ್ಡದು, ಕೆಲಸ ಅಷ್ಟಕ್ಕಷ್ಟೆ. ಎತ್ತರ ಸಾವಿರ ಅಡಿಗೆ ಮೇಲೆ, ದಿಗಂತ ಸುತ್ತಲೂ ತೆರೆದಿದೆ. ಹಗಲಲ್ಲಿ ಮಂಗಳೂರು ಕಾಣುವುದೇ ಅದರ ಹೆಮ್ಮೆ. ರಾತ್ರಿ ಅದೇ ಶಾಪ. ಬಡಗಿನಲ್ಲಿ ಹೊಳಪಿನ ಗುಮ್ಮಟ ಎದ್ದು ಕೆಳಗಿರುವ ಧ್ರುವನನ್ನು ಮಂಕು ಮಾಡುತ್ತದೆ. ಈಕ್ವಟೋರಿಯಲ್ ಮೌಂಟ್, ಅಂದರೆ ಅಕ್ಷವನ್ನು ಧ್ರುವನ ಕಡೆಗೆ ಹೂಡಿ ನಕ್ಷತ್ರಗಳ ಓಟದ ಜೊತೆ ಟೆಲಿಸ್ಕೋಪ್ ತಿರುಗಿಸುವ ಆಸರೆ ಇದ್ದವರಿಗೆ ಜೋಡಣೆಯ ತಲೆನೋವು. (ಆ ಮೌಂಟುಗಳಿಗೆ ನಮ್ಮ ಅಕ್ಷಾಂಶವೇ ಹಿಡಿಸುವುದಿಲ್ಲ. ಅಕ್ಷ ತೀರ ಮಲಗುವುದರಿಂದ ಎದುರುಭಾರದ ಸರಳು ಬಡಗಿನ ಕಾಲಿಗೆ ಬಡಿಯುತ್ತದೆ. ಎರಡು ಕಾಲುಗಳ ನಡುವಿನ ಸಂದು ಬಡಗಿಗೆ ಬರುವಂತೆ ಟ್ರೈಪಾಡ್ ತಿರುಗಿಸಿ, ತೆಂಕಿನ ಕಾಲಿಗೆ ಮರಳಿನ ಚೀಲ ಕಟ್ಟಿ.) ಮೇಲೆ ಗಾಳಿಯೂ ಜೋರು, 100 ಪಟ್ಟು ಹಿಗ್ಗಿಸಿದರೆ ಗುರುಗ್ರಹ ಕುಣಿಯುತ್ತದೆ. 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಅಂದರೆ ಹತ್ತಿರ ಹತ್ತಿರ 20 ಕಿಲೋ, ಹೊತ್ತು ಹತ್ತುವ ಜಾಗವಲ್ಲ. 10x50 ಬೈನಾಕ್ಯುಲರ್‌ಗೆ ಸಾಕು.

ಕತ್ತಲೆಯ ಮಟ್ಟಿಗೆ ರಾಣಿಪುರಂ ಬೆಟ್ಟ ಎಲ್ಲಕ್ಕಿಂತ ಮೇಲು. ಕೊಡಗಿನ ಕಾಡು ಒತ್ತಿಗೇ ಇದೆ. ತೊಡಕೆಂದರೆ, ಹುಲ್ಲುಗಾವಲಿನ ನೆತ್ತಿಗೆ ಅರಣ್ಯ ಇಲಾಖೆ ಬಿಡುವುದು ಹಗಲಿನಲ್ಲಿ ಮಾತ್ರ. ರಾತ್ರಿ ಕೆಳಗಿನ ತಂಗುದಾಣದ ಅಂಗಳವೇ ಗತಿ. ಅಲ್ಲಿ ಮರ, ಗುಡ್ಡೆ ಸೇರಿ ದಿಗಂತದ ಕೆಳಭಾಗ ನುಂಗುತ್ತವೆ. ನೆತ್ತಿಯ ಸುತ್ತಿನ ಆಕಾಶಕ್ಕೆ ಸರಿ, ತ್ರಿಶಂಕುವಿಗೆ ಅಷ್ಟು ದೂರ ಹೋಗುವುದು ದಂಡ.

ತಿಂಗಳು ತಿಂಗಳು ಹೋಗುವ ಜಾಗವಾಗಿ ಒಳನಾಡಿನ ಪದವು, ಅಂದರೆ ಗುಡ್ಡೆಯ ಮೇಲಿನ ಸಮತಟ್ಟು ಬಯಲನ್ನೇ ಆರಿಸಬೇಕು. ಬದಿಯಡ್ಕ, ಪೆರ್ಲ ಕಡೆಯ ಬೋಳು ಮುರಕಲ್ಲಿನ (ಕೆಂಪುಕಲ್ಲಿನ) ಹಾಸು ವಾಹನ ನಿಲ್ಲಿಸಿದಲ್ಲೇ ಟೆಲಿಸ್ಕೋಪ್ ಇಳಿಸಲು ಸಮತಟ್ಟಾಗಿದೆ. ಮಳೆಗಾಲದ ಹುಲ್ಲು ಡಿಸೆಂಬರಿಗೆ ಒಣಗಿರುತ್ತದೆ. ರಾತ್ರಿ ಎರಡರ ಹೊತ್ತಿಗೆ ಕೆಳಗಿನ ಅಡಿಕೆ ತೋಟಗಳಿಂದ ಮಂಜು ಏಳುತ್ತದೆ. ಬೈಲು ತುಂಬಿ ಹಾಲಿನಂತೆ ನಿಲ್ಲುತ್ತದೆ, ಪದವಿನ ಅಂಚಿಗೆ ಬಂದು ತಡೆಯುತ್ತದೆ. ಅದರಡಿಯಲ್ಲಿ ಮನೆಗಳ ದೀಪಗಳೂ ಮುಚ್ಚಿಹೋಗುವುದರಿಂದ ಆಕಾಶ ಇನ್ನಷ್ಟು ಕಪ್ಪಾಗುತ್ತದೆ.

ಪದವಿಗೂ ಕುಂದುಗಳಿವೆ. ಹಗಲಿಡೀ ಕಾದ ಕಲ್ಲು ಹತ್ತರ ತನಕ ಬಿಸಿ ಉಗುಳುತ್ತದೆ, ಆ ಹೊತ್ತಿನಲ್ಲಿ ಗ್ರಹದ ಅಂಚು ಕುದಿಯುವ ನೀರಿನಂತೆ. ಟೆಲಿಸ್ಕೋಪನ್ನು ಕಲ್ಲಿಗಿಂತ ಹುಲ್ಲಿನ ಮೇಲೆ ನಿಲ್ಲಿಸಿ, ಅದರ ಕನ್ನಡಿಗೆ ತಣಿಯಲು ಒಂದು ಗಂಟೆ ಕೊಡಿ. ಇಬ್ಬನಿ ಮೊದಲು ಹಿಡಿಯುವುದು ಫೈಂಡರನ್ನು, ಅಂದರೆ ಗುರಿ ಹಿಡಿಯುವ ಪುಟ್ಟ ದೂರದರ್ಶಕವನ್ನು. ಕಪ್ಪು ಯೋಗಾ ಚಾಪೆಯನ್ನು ಲೆನ್ಸಿನ ವ್ಯಾಸದ ಒಂದೂವರೆ ಪಟ್ಟು ಉದ್ದಕ್ಕೆ ಕತ್ತರಿಸಿ ಸುತ್ತಿದರೆ ಎರಡು ಮೂರು ಗಂಟೆ ದಕ್ಕುತ್ತದೆ. ಅಡಿಕೆ ಹಾಳೆಯೂ ಆದೀತು, ಆದರೆ ತೇವಕ್ಕೆ ಮೆತ್ತಗಾಗಿ ಬೆಳಕಿಗೆ ಅಡ್ಡ ಬಾಗುತ್ತದೆ.

ನಮ್ಮಲ್ಲಿ ಆಕಾಶ ಶುಭ್ರವಾಗಿರುವ ತಿಂಗಳುಗಳೇ ಕೋಲ, ಜಾತ್ರೆ, ಬಯಲಾಟದ ತಿಂಗಳುಗಳು. ಎರಡು ಕಿಲೋಮೀಟರ್ ಆಚೆಯ ಗದ್ದೆಯಲ್ಲಿ ಆಟದ ರಂಗಸ್ಥಳ ಎದ್ದು ದೀಪ ಹೊತ್ತಿದರೆ ಅಮಾವಾಸ್ಯೆಯೂ ವ್ಯರ್ಥ. ಪಂಚಾಂಗದ ಜೊತೆಗೆ ಸುತ್ತಲಿನ ದೈವಸ್ಥಾನಗಳ ಆಮಂತ್ರಣ ಪತ್ರಿಕೆಯನ್ನೂ ನೋಡಿಕೊಳ್ಳಿ. ಕಾರಡ್ಕ, ದೇಲಂಪಾಡಿ ಕಡೆಯ ಪದವು ಇನ್ನೂ ಕಪ್ಪು, ಆದರೆ ಅಲ್ಲಿ ಆನೆ ಇಳಿಯುತ್ತದೆ, ಬೇಡ.

ಜಾಗ ಯಾವುದೇ ಇರಲಿ, ಮೊದಲು ಹಗಲಲ್ಲಿ ಹೋಗಿ ಕಾಲ್ನಡಿಗೆಯಲ್ಲಿ ಸುತ್ತಿ ಬನ್ನಿ, ಜಾಗದವರನ್ನು ಕೇಳಿ. ಪದವಿನಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಗೋಡೆಯಂತೆ ನೇರ ಇಳಿದಿರುತ್ತವೆ, ಬೇಲಿ ಇರುವುದಿಲ್ಲ. ಕೆಂಪು ಟಾರ್ಚಿನ ಬೆಳಕಿಗೆ ಆ ಅಂಚು ನೆಲದಂತೆಯೇ ಕಾಣುತ್ತದೆ. ಟೆಲಿಸ್ಕೋಪಿನ ಸುತ್ತ ಹತ್ತು ಹೆಜ್ಜೆಗೆ ಬಿಳಿ ಹಗ್ಗ ಎಳೆದು, ಅದರಾಚೆ ಹೋಗುವುದಿದ್ದರೆ ಬಿಳಿ ಟಾರ್ಚೇ ಹಾಕಿ. ಕಣ್ಣಿನ ಕತ್ತಲೆ ಹೋದರೆ ಇನ್ನರ್ಧ ಗಂಟೆ ಕಾಯಬಹುದು.