ಬೆಂಗಳೂರು–ಮಂಗಳೂರು ವಿಮಾನ: ಅಮ್ಮನ ಜೊತೆ ಹೋಗಿ ಬಂದ ಮೇಲೆ

ತಂಗಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಅಮ್ಮನನ್ನು ಮಂಗಳೂರಿಗೆ ಬಿಟ್ಟು ಬರಬೇಕಿತ್ತು. ಅಮ್ಮನಿಗೆ ಬೆನ್ನುನೋವು. ರಾತ್ರಿ ಬಸ್ಸಿನಲ್ಲಿ ಸುಮಾರು 350 ಕಿ.ಮೀ., ಅದರಲ್ಲೂ ಶಿರಾಡಿ ಘಾಟಿಯ ತಿರುವುಗಳು. ಬೇಡ ಅನ್ನಿಸಿ ವಿಮಾನಕ್ಕೆ ಟಿಕೆಟ್ ಮಾಡಿಸಿದೆ. ಮೂರು ವಾರ ಮೊದಲೇ ಮಾಡಿಸಿದ್ದರಿಂದ ಒಬ್ಬರಿಗೆ 3,100 ರೂಪಾಯಿ ಬಿತ್ತು.

ಆಕಾಶದಲ್ಲಿ ದೂರ 300 ಕಿ.ಮೀ. ಆಸುಪಾಸು. ಟಿಕೆಟ್‌ನಲ್ಲಿ ಬರೆದಿದ್ದು ಒಂದು ಗಂಟೆ. ಆದರೆ ಆ ಒಂದು ಗಂಟೆಯನ್ನು ನಂಬಿ ಲೆಕ್ಕ ಹಾಕಬೇಡಿ. ನಾವು ಬಸವನಗುಡಿಯ ಮನೆ ಬಿಟ್ಟಿದ್ದು ಬೆಳಿಗ್ಗೆ 5.30ಕ್ಕೆ. ಬುಕ್ ಮಾಡಿದ್ದ ಟ್ಯಾಕ್ಸಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಿತು. ಆಟೋ ಹಿಡಿದು ಬನಶಂಕರಿಗೆ ಹೋಗಿ ವಾಯುವಜ್ರ ಬಸ್ ಹತ್ತಿದೆವು. ಆ ಬಸ್ಸೇ ಚೆನ್ನಾಗಿತ್ತು, ಸಾಮಾನಿಡಲು ಬೇಕಾದಷ್ಟು ಜಾಗ. ದೇವನಹಳ್ಳಿ ತಲುಪಿದಾಗ 7.20. ವಿಮಾನ ಹೊರಟಿದ್ದು 9.05ಕ್ಕೆ, ಇಳಿದಿದ್ದು 10.05ಕ್ಕೆ. ಕದ್ರಿಯಲ್ಲಿರುವ ತಂಗಿ ಮನೆಗೆ ಹೋಗುವ ಹೊತ್ತಿಗೆ 11.10. ಒಟ್ಟು 5 ಗಂಟೆ 40 ನಿಮಿಷ ಆಯ್ತು. ಬಸ್ಸಾದರೆ ಏಳೂವರೆ ಎಂಟು ಗಂಟೆ, ರೈಲಿಗೆ ಹತ್ತರ ಹತ್ತಿರ.

ಒಂದು ವಿಷಯ ಮೊದಲೇ ಗೊತ್ತಿರಲಿ. ಅಂಟಿನುಂಡೆಗೆ ಅಂತ ಅಮ್ಮ ಎರಡು ಕೆ.ಜಿ. ಕೊಬ್ಬರಿ ಕಟ್ಟಿಕೊಂಡಿದ್ದರು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಎಲ್ಲ ತೆಗೆದಿಡಬೇಕಾಯಿತು. ಬಟ್ಟಲುಗಳನ್ನು ಒಂದೊಂದೇ ಎತ್ತಿ ಮೇಜಿನ ಮೇಲಿಡುವಾಗ ಅಮ್ಮನ ಮುಖ ನೋಡಲಾಗಲಿಲ್ಲ. ಆರಿಸಿ ತಂದಿದ್ದ ತಿಪಟೂರು ಕೊಬ್ಬರಿ ಅದು. ಅಂಟು, ಉತ್ತುತ್ತೆಗೆ ಏನೂ ಅನ್ನಲಿಲ್ಲ.

ವಿಮಾನ ಎಟಿಆರ್, ರೆಕ್ಕೆಗೆ ಪಂಖ ಇರುವ ಚಿಕ್ಕದು. ಹಿಂದಿನ ಬಾಗಿಲಿನಿಂದ ಹತ್ತಬೇಕು. ಐದಾರು ಮೆಟ್ಟಿಲು ಅಷ್ಟೇ, ಅಮ್ಮ ನಿಧಾನವಾಗಿ ತಾವೇ ಹತ್ತಿದರು. ಸದ್ದು ಇದೆ, ಆದರೆ ಹಿಂದಿನ ಸಾಲುಗಳಲ್ಲಿ ಕಮ್ಮಿ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದ್ದೆಲ್ಲ ಚೆನ್ನಾಗಿ ಕಾಣುತ್ತೆ. ಬಯಲುಸೀಮೆಯ ಕೆರೆಗಳು ಮುಗಿದು ಘಟ್ಟದ ಕಾಡು ಶುರುವಾಗುವುದು, ಆಮೇಲೆ ನೆಲ ತಟ್ಟನೆ ಕೆಳಗೆ ಜಾರಿದ ಹಾಗಾಗುವುದು, ಎಲ್ಲ ಕಾಣಿಸಿತು. ಅವತ್ತು ವಿಮಾನ ಸಮುದ್ರದ ಮೇಲೆ ಹೋಗಿ ತಿರುಗಿ ಇಳಿಯಿತು. ಬಲಗಡೆ ಕಿಟಕಿಯಲ್ಲಿ ನೇತ್ರಾವತಿ ಸಮುದ್ರ ಸೇರುವ ಜಾಗ. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು, "ನೀರಿನ ಬಣ್ಣ ಅಲ್ಲೇ ಬೇರೆ ಆಗ್ತದೆ ನೋಡೋ" ಅಂದರು.

ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ. ಕೆಳಗೆ ಕಣಿವೆ, ತೆಂಗಿನ ತೋಟ ಅಂತ ನೋಡುತ್ತಿರುವಾಗಲೇ ಚಕ್ರ ನೆಲ ಮುಟ್ಟಿಬಿಡುತ್ತೆ. ಮೊದಲ ಸಲ ಹೋಗುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿಯಾಗುವುದಿಲ್ಲ.

ಒಬ್ಬರೇ, ಮೈ ಗಟ್ಟಿ ಇರುವವರು, ಆತುರ ಇಲ್ಲದಿದ್ದರೆ ಹಗಲು ರೈಲಿಗೆ ಹೋಗಿ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗ ಸಿಗುತ್ತವೆ. ವಾಪಸ್ ನಾನು ಅದರಲ್ಲೇ ಬಂದೆ. ವಯಸ್ಸಾದವರ ಜೊತೆಗಾದರೆ ವಿಮಾನವೇ ಸರಿ. ಅಮ್ಮ ಅವತ್ತು ಮಧ್ಯಾಹ್ನವೇ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದರು. ಬಸ್ಸಿನಲ್ಲಿ ಹೋಗಿದ್ದರೆ ಎರಡು ದಿನ ಮಲಗಿರುತ್ತಿದ್ದರು. ಅವರನ್ನು ಕರೆತರುವುದಕ್ಕೂ ವಿಮಾನದ ಟಿಕೆಟ್ಟೇ ಮಾಡಿಸಿದ್ದೇನೆ, ಕಿಟಕಿ ಪಕ್ಕದ್ದು.