ಪುರುಷರ ಪ್ಯಾಕೇಜಿನಲ್ಲಿ ಥೈರಾಯ್ಡ್: ಮನೆಗೆ ಬಂದು ರಕ್ತ ಒಯ್ಯುವ ಸೇವೆಯ ವಿಮರ್ಶೆ

ಪುರುಷರಿಗೆಂದೇ ಲ್ಯಾಬ್‌ಗಳು ಮಾರುವ ‘ಫುಲ್ ಬಾಡಿ’ ಪ್ಯಾಕೇಜುಗಳಲ್ಲಿ ಈಗ ಥೈರಾಯ್ಡ್ ಪರೀಕ್ಷೆ ಇಲ್ಲದಿರುವುದೇ ಅಪರೂಪ. ಆಪ್‌ನಲ್ಲಿ ಸಮಯ ಗೊತ್ತು ಮಾಡಿದರೆ ಮನೆ ಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಥೈರಾಯ್ಡ್ ತೊಂದರೆ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು ಎಂಬುದು ನಿಜ. ಆ ಮಾತೇ ಗಂಡಸರಿಗೆ ಮುಳುವು: ಸುಸ್ತು, ಮಲಬದ್ಧತೆ, ಏರುತ್ತಿರುವ ತೂಕ, ಕುಂದಿದ ಲೈಂಗಿಕ ಆಸಕ್ತಿ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೋ ಕೆಲಸದ ಒತ್ತಡದ ಲೆಕ್ಕಕ್ಕೋ ಬರೆದುಬಿಡುತ್ತಾರೆ. ಹಾಗಾಗಿ ಪ್ಯಾಕೇಜಿನಲ್ಲಿ ಟಿಎಸ್‌ಎಚ್ ಇರುವುದು ಒಳ್ಳೆಯದೇ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಕಳಿಸುವ ಹಾರ್ಮೋನು ಇದು; ಥೈರಾಯ್ಡ್ ಮಂದವಾದರೆ ಇದು ಏರುತ್ತದೆ, ಅತಿಯಾದರೆ ಇಳಿಯುತ್ತದೆ. ನಮ್ಮ ತಕರಾರು ಎರಡು: ಅದರ ಜೊತೆಗೆ ಸೇರಿಸುವ ಪರೀಕ್ಷೆಗಳು, ಮತ್ತು ರಕ್ತ ತೆಗೆಯುವ ಮೊದಲು ಕೇಳದೆ ಬಿಡುವ ಪ್ರಶ್ನೆಗಳು.

ರಕ್ತ ಒಯ್ಯುವ ಭಾಗಕ್ಕೆ ಪೂರ್ತಿ ಅಂಕ ಕೊಡಬಹುದು. ಟಿಎಸ್‌ಎಚ್ ಗಟ್ಟಿ ಹಾರ್ಮೋನು. ಹಳದಿ ಮುಚ್ಚಳದ ಜೆಲ್ ಟ್ಯೂಬಿನಲ್ಲಿ 3ರಿಂದ 5 ಮಿಲಿ ಲೀಟರ್ ರಕ್ತ, ಹೆಪ್ಪುಗಟ್ಟಲು ಅರ್ಧ ಗಂಟೆ, ಆಮೇಲೆ ಯಂತ್ರದಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಿದರೆ ಫ್ರಿಜ್ಜಿನ ತಂಪಿನಲ್ಲಿ ದಿನಗಟ್ಟಲೆ ಕೆಡುವುದಿಲ್ಲ. ಟ್ರಾಫಿಕ್ಕಿನಲ್ಲಿ ಒಂದೆರಡು ಗಂಟೆ ಸಿಕ್ಕಿಕೊಂಡರೆ ಈ ಪರೀಕ್ಷೆಗೆ ನಷ್ಟವಿಲ್ಲ. ಅದೇ ಚೀಲದಲ್ಲಿರುವ ಪೊಟ್ಯಾಸಿಯಂಗೆ ಆ ಭಾಗ್ಯವಿಲ್ಲ. ರಕ್ತಕಣ ಒಡೆದರೆ ಅದು ಸುಳ್ಳೇ ಏರುತ್ತದೆ. ಸಕ್ಕರೆಯ ಸ್ಯಾಂಪಲ್ ಬೂದು ಮುಚ್ಚಳದ ಟ್ಯೂಬಿನಲ್ಲಿ ಇಲ್ಲದಿದ್ದರೆ ಸುಳ್ಳೇ ಇಳಿಯುತ್ತದೆ.

ಸಮಯದ ವಿಷಯದಲ್ಲಿ ಮಾತ್ರ ಗಿರಾಕಿಯೇ ಎಚ್ಚರ ವಹಿಸಬೇಕು. ಟಿಎಸ್‌ಎಚ್ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಏರಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಳ ಮುಟ್ಟುತ್ತದೆ. ಬೆಳಿಗ್ಗೆ 7ಕ್ಕೆ 5.1 ಬಂದವರಿಗೆ ಮಧ್ಯಾಹ್ನ 3.8 ಬಂದರೆ ಆಶ್ಚರ್ಯವಿಲ್ಲ. ಮೇಲಿನ ಮಿತಿ ಸುಮಾರು 4 ಆದ್ದರಿಂದ ಒಂದು ‘ಕಾಯಿಲೆ’, ಇನ್ನೊಂದು ‘ನಾರ್ಮಲ್’. ಖಾಲಿ ಹೊಟ್ಟೆ ಕಡ್ಡಾಯವೇನಲ್ಲ, ಆದರೆ ತಿಂಡಿ ತಿಂದ ಮೇಲೂ ಅಂಕಿ ಕೊಂಚ ಇಳಿಯುವುದುಂಟು. ಪುರುಷರ ಪ್ಯಾಕೇಜಿನಲ್ಲಿ ಟೆಸ್ಟೋಸ್ಟಿರೋನ್ ಕೂಡ ಇದ್ದರೆ ಬೆಳಿಗ್ಗೆ 7ರಿಂದ 10ರ ಒಳಗೆ, ಏನೂ ತಿನ್ನದೆ ರಕ್ತ ಕೊಡುವುದು ಅಗತ್ಯ. ಮಧ್ಯಾಹ್ನದ ಟೆಸ್ಟೋಸ್ಟಿರೋನ್ ಕಡಿಮೆ ಕಾಣುವುದೇ ಸಹಜ. ಹೀಗಿದ್ದೂ ಇದೇ ಪ್ಯಾಕೇಜಿಗೆ ಮಧ್ಯಾಹ್ನದ ಸಮಯವನ್ನೂ ಬುಕ್ ಮಾಡಲು ಬಿಡುವ ಸೇವೆ ಮಾರಾಟವನ್ನು ನೋಡಿದೆಯೇ ಹೊರತು ಪರೀಕ್ಷೆಯನ್ನಲ್ಲ.

ಇನ್ನು ಕೇಳದೆ ಬಿಡುವ ಪ್ರಶ್ನೆ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವ ಗಂಡಸರು ಎಷ್ಟೋ ಮಂದಿ. ಒಂದು ಮಾತ್ರೆಯಲ್ಲಿ 5 ಅಥವಾ 10 ಮಿಲಿಗ್ರಾಂ. ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಹಲವು ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ ಮತ್ತು ಅದಕ್ಕೆ ಗಟ್ಟಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಜೋಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ತೇಲುವ ಹೆಚ್ಚುವರಿ ಬಯೋಟಿನ್ ಆ ಜಾಗಕ್ಕೆ ಮೊದಲೇ ಹೋಗಿ ಕೂತರೆ ಟಿಎಸ್‌ಎಚ್ ಸುಳ್ಳೇ ಇಳಿಯುತ್ತದೆ, ಫ್ರೀ ಟಿ4 (ಥೈರಾಯ್ಡ್ ಸುರಿಸುವ ಟಿ4 ಹಾರ್ಮೋನಿನ ಬಿಡಿ ಪಾಲು) ಸುಳ್ಳೇ ಏರುತ್ತದೆ. ಕಾಗದದ ಮೇಲೆ ಅಚ್ಚುಕಟ್ಟಾದ ಹೈಪರ್‌ಥೈರಾಯ್ಡ್, ಅಂದರೆ ಅತಿಯಾದ ಥೈರಾಯ್ಡ್! ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೊಸ ತಲೆಮಾರಿನ ಕಿಟ್‌ಗಳು ಇದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತವೆ, ಆದರೆ ನಿಮ್ಮ ಲ್ಯಾಬ್‌ನಲ್ಲಿರುವುದು ಯಾವುದೆಂದು ಮನೆಗೆ ಬಂದ ಹುಡುಗನಿಗೆ ಗೊತ್ತಿರುವುದಿಲ್ಲ. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಮಾತ್ರೆ ನಿಲ್ಲಿಸಿ. ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯನ್ನೂ ಓದಿ, ಬಯೋಟಿನ್ ಅಲ್ಲೂ ಅಡಗಿರುತ್ತದೆ. ಬುಕಿಂಗ್ ಪುಟದಲ್ಲಿ ಈ ಒಂದು ಸಾಲು ಹಾಕಲು ಲ್ಯಾಬ್‌ಗೆ ಖರ್ಚೇನೂ ಇಲ್ಲ.

ಪ್ಯಾಕೇಜಿನ ದೊಡ್ಡ ಕೊರತೆ ಬೇರೆಯೇ ಇದೆ. ‘ಥೈರಾಯ್ಡ್ ಪ್ರೊಫೈಲ್’ ಎಂದು ಕೊಡುವುದು ಸಾಮಾನ್ಯವಾಗಿ ಟೋಟಲ್ ಟಿ3 (ಥೈರಾಯ್ಡ್‌ನ ಇನ್ನೊಂದು ಹಾರ್ಮೋನು), ಟೋಟಲ್ ಟಿ4, ಟಿಎಸ್‌ಎಚ್. ಟಿ4ನ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಅತಿಸಣ್ಣ ಪಾಲು. ಪ್ರೋಟೀನು ಏರುಪೇರಾದರೆ ಟೋಟಲ್ ಅಂಕಿಯೂ ಏರುಪೇರು. ಜಿಮ್ಮಿನಲ್ಲಿ ಸ್ಟೀರಾಯ್ಡ್ ಅಥವಾ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಚುಚ್ಚಿಸಿಕೊಂಡವರಲ್ಲಿ ಆ ಪ್ರೋಟೀನು ತಗ್ಗಿ ಟೋಟಲ್ ಟಿ4 ಕಡಿಮೆ ಬರುತ್ತದೆ, ಗ್ರಂಥಿ ಮಾತ್ರ ಸರಿಯಾಗಿಯೇ ಇರುತ್ತದೆ. ಇದಕ್ಕೆ ತಿರುಗಿದ ಮೋಸವೂ ಇದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ‘ನಾರ್ಮಲ್’ ಎಂದೇ ತೋರಬಹುದು, ಫ್ರೀ ಟಿ4 ನೋಡಿದಾಗಲೇ ಕೊರತೆ ಬಯಲಾಗುವುದು. ಟೆಸ್ಟೋಸ್ಟಿರೋನ್ ನಿಜಕ್ಕೂ ಕಡಿಮೆ ಇರುವ, ತಲೆನೋವು ಅಥವಾ ದೃಷ್ಟಿಯ ತೊಂದರೆಯೂ ಇರುವ ಗಂಡಸಿಗೆ ಬರಿಯ ಟಿಎಸ್‌ಎಚ್ ನೋಡಿ ‘ಥೈರಾಯ್ಡ್ ಸರಿ ಇದೆ’ ಎನ್ನುವುದು ಅಪಾಯ. ಪ್ಯಾಕೇಜಿನ ಬದಲು ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೇ ಬಿಡಿಯಾಗಿ ಬರೆಸಿ. ಟಿಎಸ್‌ಎಚ್ ಏರಿ ಬಂದರೆ ಮಾತ್ರ ಆ್ಯಂಟಿ ಟಿಪಿಒ (ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತೋರಿಸುವ ಪರೀಕ್ಷೆ), ಅದೂ ಒಂದೇ ಬಾರಿ ಸಾಕು.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ದಪ್ಪ ಅಕ್ಷರದ ಅಂಕಿಯಲ್ಲ; ಲ್ಯಾಬ್‌ನ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಚಿಹ್ನೆ ಇದೆಯೇ, ವಿಧಾನದ ಹೆಸರು ಬರೆದಿದ್ದಾರೆಯೇ ಎಂಬುದು. ವಯಸ್ಕರ ಟಿಎಸ್‌ಎಚ್ ಮಿತಿ ಸುಮಾರು 0.4ರಿಂದ 4 (mIU/L), ಕಿಟ್‌ನಿಂದ ಕಿಟ್‌ಗೆ ಕೊಂಚ ವ್ಯತ್ಯಾಸ. ಟಿಎಸ್‌ಎಚ್ 4ರಿಂದ 10ರ ನಡುವೆ ಇದ್ದು ಫ್ರೀ ಟಿ4 ಸರಿ ಇದ್ದರೆ ಕೂಡಲೇ ಮಾತ್ರೆಗೆ ಓಡುವಂತಿಲ್ಲ. 2–3 ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ, ಅದೇ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಅನೇಕರಲ್ಲಿ ತಾನಾಗಿಯೇ ಇಳಿಯುತ್ತದೆ. 10 ದಾಟಿದ್ದು ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆ. ದೊಡ್ಡ ಜ್ವರ ಅಥವಾ ಆಪರೇಷನ್ ಆದ 6 ವಾರದೊಳಗಿನ ಅಂಕಿಯನ್ನು ನಂಬಬೇಡಿ, ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ದಿನ ಜಿಗಿಯುತ್ತದೆ. 0.1ಕ್ಕಿಂತ ಕೆಳಗಿದ್ದರೆ, ಅದರಲ್ಲೂ 60 ದಾಟಿದವರಲ್ಲಿ, ಹೃದಯ ಬಡಿತ ತಾಳ ತಪ್ಪುವ ಸಾಧ್ಯತೆ ಹೆಚ್ಚು, ಇಸಿಜಿ ಮಾಡಿಸಬೇಕು.

ಉಳಿದ ಪುಟಗಳನ್ನು ಥೈರಾಯ್ಡ್ ಕಣ್ಣಿನಿಂದ ಓದಿಕೊಡುವ ಲ್ಯಾಬ್ ಇಲ್ಲವೆಂದೇ ಹೇಳಬೇಕು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿದೆ, ಸಿಪಿಕೆ (ಮಾಂಸಖಂಡದ ಕಿಣ್ವ) ಏರಿದೆ, ಕ್ರಿಯಾಟಿನಿನ್ (ಮೂತ್ರಪಿಂಡದ ಅಳತೆ) ಕೊಂಚ ಮೇಲಿದೆ ಎಂದು ಮೂರು ಕೆಂಪು ಗುರುತು ಹಾಕಿ ಮೂವರು ಡಾಕ್ಟರ ಬಳಿಗೆ ಕಳಿಸುತ್ತಾರೆ; ಮೂರಕ್ಕೂ ಒಂದೇ ಕಾರಣ, ಮಂದವಾದ ಥೈರಾಯ್ಡ್, ಇರಬಹುದು. ಅದನ್ನು ಸರಿಪಡಿಸದೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದರೆ ಮಾಂಸಖಂಡದ ನೋವು ಬರುವ ಸಂಭವ ಹೆಚ್ಚು. ಟೋಟಲ್ ಟೆಸ್ಟೋಸ್ಟಿರೋನ್ ಕೂಡ ಥೈರಾಯ್ಡ್ ಮಂದವಾದಾಗ ಇಳಿಯುತ್ತದೆ, ಅತಿಯಾದಾಗ ಏರುತ್ತದೆ. ಲೈಂಗಿಕ ತೊಂದರೆಗೂ ಎರಡೂ ಕಡೆಯಿಂದ ದಾರಿ ಇದೆ: ಮಂದವಾದರೆ ನಿಮಿರುವಿಕೆಯ ತೊಂದರೆ, ತಡವಾದ ಸ್ಖಲನ, ಅತಿಯಾದರೆ ಶೀಘ್ರಸ್ಖಲನ, ಕೆಲವರಲ್ಲಿ ಸ್ತನ ಉಬ್ಬುವುದು. ಥೈರಾಯ್ಡ್ ಹಾದಿಗೆ ಬರುವ ಮೊದಲೇ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಹಿಡಿಯುವುದು ಗಡಿಬಿಡಿಯ ಕೆಲಸ.

ಈ ಸೇವೆಯನ್ನು ಕಾಯುತ್ತ ಕೂರಬಾರದ ಸಂದರ್ಭವೂ ಒಂದಿದೆ. ರಾತ್ರಿ ಭರ್ಜರಿ ಊಟ ಮಾಡಿ ಮಲಗಿದ ಯುವಕ ಬೆಳಿಗ್ಗೆ ಕಾಲೆತ್ತಲಾಗದೆ ಏಳುತ್ತಾನೆ. ಅತಿಯಾದ ಥೈರಾಯ್ಡ್‌ನಿಂದ ಪೊಟ್ಯಾಸಿಯಂ ಕುಸಿದು ಕೈಕಾಲು ಸೋಲುವ ಈ ಸ್ಥಿತಿ ಹೆಚ್ಚಾಗಿ ಏಷ್ಯಾದವರಲ್ಲಿ, ಬಹುಮಟ್ಟಿಗೆ ಗಂಡಸರಲ್ಲೇ ಕಾಣುತ್ತದೆ. ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಟಿಎಸ್‌ಎಚ್ ಕಾರ್ಡ್‌ಗಳು ಹಣಕ್ಕೆ ದಂಡ. ಅವುಗಳಲ್ಲಿ ಹೆಚ್ಚಿನವು 5ಕ್ಕಿಂತ ಮೇಲೆಯೋ ಕೆಳಗೆಯೋ ಎಂದಷ್ಟೇ ಹೇಳುತ್ತವೆ, 5.2 ಮತ್ತು 52 ಎರಡಕ್ಕೂ ಒಂದೇ ಗೆರೆ, ಅತಿಯಾದ ಥೈರಾಯ್ಡ್ ಅವುಗಳ ಕಣ್ಣಿಗೇ ಬೀಳುವುದಿಲ್ಲ.

ಮಂದವಾದ ಥೈರಾಯ್ಡ್‌ಗೆ ಕೊಡುವ ಲೆವೋಥೈರಾಕ್ಸಿನ್ ಮಾತ್ರೆಯನ್ನು ಈಗಾಗಲೇ ತೆಗೆದುಕೊಳ್ಳುವವರಿಗಂತೂ ಮನೆಗೆ ಬರುವ ಸೇವೆ ಹೇಳಿ ಮಾಡಿಸಿದಂತಿದೆ. ಡೋಸ್ ಬದಲಾದ 6–8 ವಾರಕ್ಕೆ ಬುಕ್ ಮಾಡಿ. ಅದಕ್ಕೂ ಮೊದಲು ಮಾಡಿಸಿದರೆ ಟಿಎಸ್‌ಎಚ್ ಇನ್ನೂ ನೆಲೆ ನಿಂತಿರುವುದಿಲ್ಲ. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲದಿದ್ದರೆ ಫ್ರೀ ಟಿ4 ಕೆಲವು ಗಂಟೆ ಏರಿ ತೋರುತ್ತದೆ. ಫಿಲ್ಟರ್ ಕಾಫಿಗೆ ಮಾತ್ರೆಯಿಂದ ಒಂದು ಗಂಟೆ ಅಂತರ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ 4 ಗಂಟೆ. ಡೋಸ್ ಏರಿಸುತ್ತಲೇ ಹೋದರೂ ಟಿಎಸ್‌ಎಚ್ ಇಳಿಯದಿದ್ದರೆ ಮೊದಲು ವಿಚಾರಿಸಬೇಕಾದ್ದು ಆ ಕಾಫಿಯನ್ನೇ.