ಬಿದ್ದ ಹಲಸಿನ ಮರ: ಚೈನ್‌ಸಾ ಮಿಲ್ಲೋ, ಬ್ಯಾಂಡ್ ಮಿಲ್ಲೋ, ಪೇಟೆಯ ಸಾಮಿಲ್ಲೋ?

ಮಳೆಗಾಲದ ಗಾಳಿಗೆ ಮಲೆನಾಡಿನಲ್ಲಿ ಹಲಸು, ಮಾವು, ಸಿಲ್ವರ್ ಓಕ್ ಉರುಳುವುದು ಪ್ರತಿ ವರ್ಷ ಇದ್ದದ್ದೇ. ಅದನ್ನು ಹಲಗೆ ಮಾಡಿಸಲು ಮೂರು ದಾರಿ ಇವೆ. ಚೈನ್‌ಸಾಗೆ ಮಿಲ್ಲಿನ ಚೌಕಟ್ಟು ಕಟ್ಟಿ ಬಿದ್ದಲ್ಲೇ ಕೊಯ್ಯಬಹುದು, ಎರಡು ಚಕ್ರದ ಮೇಲೆ ಸುತ್ತುವ ಪಟ್ಟಿ ಬ್ಲೇಡಿನ ಸಣ್ಣ ಬ್ಯಾಂಡ್ ಮಿಲ್ಲನ್ನು ಅಂಗಳಕ್ಕೆ ತರಿಸಬಹುದು, ಇಲ್ಲವೇ ದಿಮ್ಮಿಯನ್ನು ಲಾರಿಗೇರಿಸಿ ಸಾಮಿಲ್ಲಿಗೆ ಕಳಿಸಬಹುದು. ಹಲಸಿನ ಮೇಲೆ ಮೂರನ್ನೂ ಮಾಡಿ ನೋಡಿದಾಗ ತೂಗಿದ ಪ್ರಶ್ನೆಗಳು ಎರಡೇ: ಮರ ಎಲ್ಲಿ ಬಿದ್ದಿದೆ, ಹಲಗೆ ಎಷ್ಟು ದಪ್ಪ ಬೇಕು. ಯಂತ್ರದ ಬೆಲೆಯ ಮಾತು ಆಮೇಲಿನದು.

ಮೊದಲು ಕಾಗದಪತ್ರ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಮರ ತಾನಾಗಿ ಬಿದ್ದಿದ್ದರೂ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟ ಮೇಲೇ ಗರಗಸ ಇಡಿ. ಬಿದ್ದದ್ದು ಬೀಟೆಯೋ ತೇಗವೋ ಗಂಧವೋ ಆಗಿದ್ದರೆ ಕೈಯನ್ನೇ ಹಚ್ಚಬೇಡಿ. ಸಾಮಿಲ್ ನಡೆಸಲು ಪರವಾನಗಿ ಬೇಕೇ ಬೇಕು. ಗಾಲಿ ಇದೆ ಎಂಬ ಒಂದೇ ಕಾರಣಕ್ಕೆ ಬ್ಯಾಂಡ್ ಮಿಲ್ಲು ಈ ನಿಯಮದಿಂದ ಹೊರಗೆ ಎಂದು ಲೆಕ್ಕ ಹಾಕದೆ, ಬಾಡಿಗೆಗೆ ತರುವವರ ಹತ್ತಿರ ಏನೇನು ಕಾಗದ ಇದೆ ಎಂದು ಕೇಳಿ.

ಪುಡಿಯಾಗಿ ಹೋಗುವ ಮರ

ಚೈನ್‌ಸಾ ಪ್ರತಿ ಕೊಯ್ತಕ್ಕೆ 8–9 ಮಿ.ಮೀ. ಮರ ತಿನ್ನುತ್ತದೆ. ಸಣ್ಣ ಬ್ಯಾಂಡ್ ಮಿಲ್ಲಿನ ಬ್ಲೇಡು ತಿನ್ನುವುದು 2.5 ಮಿ.ಮೀ. ಆಸುಪಾಸು, ಸಾಮಿಲ್ಲಿನ ಅಗಲ ಬ್ಲೇಡು ಅದಕ್ಕಿಂತ ತುಸು ಹೆಚ್ಚು. ಸಿಪ್ಪೆ ತೆಗೆದ ಮೇಲೆ 500 ಮಿ.ಮೀ. ದಪ್ಪ ಉಳಿಯುವ ದಿಮ್ಮಿಯಲ್ಲಿ 25 ಮಿ.ಮೀ. ಹಲಗೆ ಎಬ್ಬಿಸಿದರೆ ಚೈನ್‌ಸಾದಲ್ಲಿ 14 ಸಿಗುತ್ತವೆ, ಬ್ಯಾಂಡ್ ಮಿಲ್ಲಿನಲ್ಲಿ 18. ನಾಲ್ಕು ಹಲಗೆ ಹೊಟ್ಟಾಗಿ ಹೋದಂತೆ. ಅದೇ ದಿಮ್ಮಿಯಲ್ಲಿ ಮೇಜಿಗೋ ಮೆಟ್ಟಿಲಿಗೋ 50 ಮಿ.ಮೀ. ತೆಗೆದರೆ ಲೆಕ್ಕ 8ಕ್ಕೆ 9. ದಾರಂದಕ್ಕೆ 4–5 ಇಂಚಿನ ಚೌಕ ಬೇಕಿದ್ದರಂತೂ ನಷ್ಟದ ಮಾತೇ ಬೇಡ. ಮುಚ್ಚಿಗೆ ಹಲಗೆಗೆ ಚೈನ್‌ಸಾ ಹಿಡಿಯುವುದು ದುಬಾರಿ, ತೊಲೆಗೆ ಧಾರಾಳವಾಗಿ ಹಿಡಿಯಬಹುದು.

ಚೈನ್‌ಸಾ ಮಿಲ್

ಅಡಿಕೆ ತೋಟದ ತಗ್ಗಿಗೆ ಬಿದ್ದ ಮರಕ್ಕೆ ಇದನ್ನು ಬಿಟ್ಟರೆ ಗತಿಯಿಲ್ಲ. ದಿಮ್ಮಿ ಎಳೆಯಲು ಜೆಸಿಬಿ ಇಳಿಸಿದರೆ ಹತ್ತಾರು ಅಡಿಕೆ ಮರ ಬಲಿ. ಹಲಗೆಯಾದರೆ ಇಬ್ಬರು ಹೆಗಲ ಮೇಲೆ ಹೊತ್ತು ತರುತ್ತಾರೆ.

ಗಿಡ ಸವರುವ 45 ಸಿಸಿ ಯಂತ್ರ ಈ ಕೆಲಸಕ್ಕೆ ಬಾರದು. 24 ಇಂಚಿನ ಬಾರಿಗೆ (ಚೈನು ಸುತ್ತುವ ಉದ್ದ ಪಟ್ಟಿ) ಕನಿಷ್ಠ 70 ಸಿಸಿ, 36 ಇಂಚಿಗೆ 90 ಸಿಸಿ ಬೇಕು. ಚೌಕಟ್ಟಿನ ಹಿಡಿಕೆಗಳಿಗೇ ಮೂರ್ನಾಲ್ಕು ಇಂಚು ಹೋಗುವುದರಿಂದ 24ರ ಬಾರು 20 ಇಂಚಿನ ದಿಮ್ಮಿಗೆ ಮಾತ್ರ ಸಾಕು. ಅಡ್ಡ ಕತ್ತರಿಸುವ ಮಾಮೂಲಿ ಚೈನಿನ ಹಲ್ಲು 30 ಡಿಗ್ರಿ ಓರೆ, ಉದ್ದಕ್ಕೆ ಕೊಯ್ಯುವ ರಿಪ್ಪಿಂಗ್ ಚೈನಿನದು 10 ಡಿಗ್ರಿ. ಮಾಮೂಲಿ ಚೈನೂ ಕೊಯ್ಯುತ್ತದೆ, ಆದರೆ ಹಲಗೆಯ ಮೈ ತುಂಬ ಗೀರು ಬಿದ್ದು ರಂದ ಹೊಡೆಯುವಾಗ 2–3 ಮಿ.ಮೀ. ಹೆಚ್ಚು ಹೋಗುತ್ತದೆ.

ಇಲ್ಲಿ ಕೆಲಸ ಗೆಲ್ಲುವುದೂ ಕೆಡುವುದೂ ಮೊದಲ ಕೊಯ್ತದಲ್ಲಿ. ದುಂಡು ದಿಮ್ಮಿಯ ಮೇಲೆ ನೇರ ಮೈ ಇರುವುದಿಲ್ಲ, ಚೌಕಟ್ಟಿಗೆ ಓಡಲು ಹಳಿ ಬೇಕು. ಸೊಟ್ಟವಿಲ್ಲದ ಅಲ್ಯೂಮಿನಿಯಂ ಏಣಿ ಸಾಕಾಗುತ್ತದೆ. ಎರಡೂ ತುದಿಗೆ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಹಾಕಿ, ದಾರ ಎಳೆದು ಏಣಿ ತಿರುಚಿಲ್ಲ ಎಂದು ನೋಡಿಕೊಳ್ಳಿ. ಕೊಯ್ಯುವ ಆಳ ಸ್ಕ್ರೂ ಮೊನೆಗಿಂತ ಕನಿಷ್ಠ ಒಂದು ಇಂಚು ಕೆಳಗಿರಲಿ, ಮೊನೆ ಸಿಕ್ಕಿದರೆ ಚೈನಿನ ಕಥೆ ಅಲ್ಲಿಗೆ ಮುಗಿಯಿತು. ಏಣಿಯನ್ನು ದಿಮ್ಮಿಯ ಎರಡು ಕೊನೆಗೂ ಒಂದಡಿ ಉದ್ದ ಬಿಡಿ. ಇಲ್ಲವಾದರೆ ಒಳಹೋಗುವಾಗಲೂ ಹೊರಬರುವಾಗಲೂ ಬಾರು ತಲೆ ಬಾಗಿಸಿ ಹಲಗೆಯ ತುದಿ ಬೆಣೆಯ ಆಕಾರಕ್ಕೆ ಬರುತ್ತದೆ. ಈ ಮೈ ತಿರುಚಿದ್ದರೆ ಕೆಳಗಿನ ಅಷ್ಟೂ ಹಲಗೆ ಅದೇ ತಿರುಚು ಹೊತ್ತು ಬರುತ್ತವೆ.

ಬಾರು ಎರಡಡಿ ಮುಂದೆ ಹೋದ ಕೂಡಲೇ ಹಿಂದಿನ ಸೀಳಿಗೆ ಬೆಣೆ ತುರುಕಿ. ಆಮೇಲೆ ಪ್ರತಿ ಎರಡಡಿಗೆ ಒಂದು. ತಡಮಾಡಿದರೆ ಮೇಲಿನ ಹಲಗೆಯ ಭಾರಕ್ಕೆ ಚೈನು ಕಚ್ಚಿಕೊಳ್ಳುತ್ತದೆ. ಹೊಟ್ಟು ಬನ್ಸಿ ರವೆಯಂತೆ ಬೀಳುತ್ತಿದ್ದರೆ ಹಲ್ಲು ಚೆನ್ನಾಗಿದೆ. ಹಿಟ್ಟಾಗತೊಡಗಿದರೆ ಮೊಂಡಾಗಿದೆ, ನಿಲ್ಲಿಸಿ ಅರ ಹಾಕಿ. ದೂಡಿದರೆ ಎಂಜಿನ್ ಬೇಯುತ್ತದೆ. ಎರಡೆರಡು ಪಾಸಿಗೊಮ್ಮೆ (ಪಾಸು ಎಂದರೆ ದಿಮ್ಮಿಯ ಉದ್ದಕ್ಕೂ ಒಂದು ಕೊಯ್ತ) ಅರ ಹಾಕುವುದೇ ಲಾಭ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಪಕ್ಕದ ಹಲ್ಲು ಹೆಚ್ಚು ಸವೆದರೆ ಬಾರು ಮೇಲಕ್ಕೋ ಕೆಳಕ್ಕೋ ಎಳೆದು ಹಲಗೆಯ ನಡು ಬಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಗಟ್ಟಲೆ ಓಡುವುದರಿಂದ ಕಾರ್ಬುರೇಟರನ್ನು ಕೊಂಚ ಪೆಟ್ರೋಲು ಹೆಚ್ಚು ಕುಡಿಯುವಂತೆ ತಿರುಗಿಸಿಡಬೇಕು. ಕೊಯ್ತ ಮುಗಿದ ಕೂಡಲೇ ಆರಿಸದೆ ಅರ್ಧ ನಿಮಿಷ ಸುಮ್ಮನೆ ಓಡಲು ಬಿಡಿ. 20 ಇಂಚು ಅಗಲ, 8 ಅಡಿ ಉದ್ದದ ಹಲಸಿನ ಒಂದು ಪಾಸಿಗೆ 70 ಸಿಸಿ ಯಂತ್ರ ಹತ್ತು ನಿಮಿಷ ತೆಗೆದುಕೊಂಡರೆ ದೂರಬೇಡಿ. ಸೊಂಟ ಮಾತ್ರ ದೂರುತ್ತದೆ. ಕಿವಿಗೆ ರಕ್ಷಣೆ, ಮೂಗಿಗೆ ಮಾಸ್ಕ್ ಇಲ್ಲದೆ ಶುರು ಮಾಡಲೇಬೇಡಿ.

ಸಣ್ಣ ಬ್ಯಾಂಡ್ ಮಿಲ್

ಟ್ರಾಕ್ಟರ್ ತಲುಪುವ ಜಾಗವಾದರೆ ನಮ್ಮ ಮತ ಇದಕ್ಕೇ. ಚೈನ್‌ಸಾ ಹತ್ತು ನಿಮಿಷ ಒದ್ದಾಡುವ ಪಾಸನ್ನು ಇದು ಎರಡು ನಿಮಿಷದೊಳಗೆ ಮುಗಿಸುತ್ತದೆ, ಮೈಯೂ ನುಣುಪು. ಸಣ್ಣ ಮಾದರಿಗಳಿಗೆ 26–28 ಇಂಚಿಗಿಂತ ದಪ್ಪದ ದಿಮ್ಮಿ ಹಿಡಿಸದು ಎಂಬುದು ಮಿತಿ. ಹಳೇ ಹಲಸಿನ ಬುಡ ಅದನ್ನು ಮೀರಿದರೆ ಚೈನ್‌ಸಾದಲ್ಲಿ ಮೊದಲೇ ಎರಡು ಸೀಳು ಮಾಡಬೇಕು.

ಎಲ್ಲರ ದೂರು ಒಂದೇ, ಹಲಗೆ ಅಲೆಅಲೆಯಾಗಿ ಬರುತ್ತದೆ ಎಂದು. ಬಯ್ಗುಳ ಯಂತ್ರಕ್ಕೆ, ತಪ್ಪು ಸಾಮಾನ್ಯವಾಗಿ ಬ್ಲೇಡಿನದು. ಗಂಟಿನ ಹತ್ತಿರ ಮಾತ್ರ ಅಲೆ ಎದ್ದರೆ ಬ್ಲೇಡು ಮೊಂಡು ಅಥವಾ ಬಿಗಿ ಸಾಲದು. ಉದ್ದಕ್ಕೂ ಒಂದೇ ಕಡೆಗೆ ಏರುತ್ತಿದ್ದರೆ ಹಲ್ಲಿನ ಸೆಟ್ (ಹಲ್ಲುಗಳನ್ನು ಎಡಬಲಕ್ಕೆ ಬಗ್ಗಿಸಿರುವುದು) ಒಂದು ಪಕ್ಕಕ್ಕೆ ಹೆಚ್ಚಾಗಿದೆ. ಹಲಸಿನಲ್ಲಿ ಇನ್ನೊಂದು ಕಾಟ ಮೇಣ. ತೊಗಟೆಯ ಹಾಲು ಬ್ಲೇಡಿಗೂ ಚಕ್ರಕ್ಕೂ ಅಂಟಿ ಅದರ ಮೇಲೆ ಹೊಟ್ಟು ಕೂರುತ್ತದೆ, ಬ್ಲೇಡು ಬಿಸಿಯಾಗಿ ಉದ್ದವಾಗಿ ಬಿಗಿ ಇಳಿಯುತ್ತದೆ. ತೊಗಟೆಯನ್ನು ಕತ್ತಿಯಿಂದ ಮೊದಲೇ ಕೆತ್ತಿ, ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಹನಿ ಬಿಡಿ. ಅದಕ್ಕೂ ಬಗ್ಗದಿದ್ದರೆ ಯಂತ್ರ ನಿಲ್ಲಿಸಿ ಡೀಸೆಲ್ ಬಟ್ಟೆಯಿಂದ ಒರೆಸಿ. ತೊಗಟೆ ತೆಗೆದರೆ ಅದರಲ್ಲಿ ಹುದುಗಿದ ಜಂಬಿಟ್ಟಿಗೆ ಮಣ್ಣೂ ಹೋಗುತ್ತದೆ. ಬ್ಲೇಡು ಮೊಂಡಾಗಲು ಮರಕ್ಕಿಂತ ಅದೇ ದೊಡ್ಡ ಕಾರಣ. ಸಂಜೆ ಬ್ಲೇಡಿನ ಬಿಗಿ ಸಡಿಲಿಸಿ.

ಒಂದೇ ಪಕ್ಕದಿಂದ ಕೊಯ್ಯುತ್ತಾ ಹೋದರೆ ಒಳಗಿನ ಎಳೆತ ಬಿಚ್ಚಿ ಉಳಿದ ದಿಮ್ಮಿ ಬಿಲ್ಲಾಗುತ್ತದೆ. ಎರಡು ಮೂರು ಹಲಗೆಗೊಮ್ಮೆ ಮಗುಚಿ. ಕೊಂಬೆಯನ್ನು ಹಲಗೆ ಮಾಡುವ ಆಸೆಯೇ ಬೇಡ, ಒಣಗಿದಾಗ ನೆಟ್ಟಗೆ ಉಳಿಯುವುದು ಅಪರೂಪ.

ಸಾಮಿಲ್

ದಿಮ್ಮಿ ರಸ್ತೆ ಬದಿಯಲ್ಲಿದ್ದರೆ, ಸಾಗಾಟದ ಪಾಸ್ ಕೈಯಲ್ಲಿದ್ದರೆ ಸುಲಭದ ದಾರಿ. ಕೊಯ್ತದ ಕೂಲಿ ಸಿಎಫ್‌ಟಿ (ಘನ ಅಡಿ) ಲೆಕ್ಕ. ಸುತ್ತಳತೆಯನ್ನು ಇಂಚಿನಲ್ಲಿ ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯ ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 75 ಇಂಚು ಸುತ್ತಳತೆಯ 8 ಅಡಿ ದಿಮ್ಮಿ 19.5 ಸಿಎಫ್‌ಟಿ ಆಗುತ್ತದೆ. ನಿಜವಾದ ಗಾತ್ರ 25ರ ಹತ್ತಿರ. ಈ ಅಳತೆಯಲ್ಲಿ ಸುಮಾರು ಐದನೇ ಒಂದು ಪಾಲು ಬಿಟ್ಟುಹೋಗುತ್ತದೆ. ಕೂಲಿ ಕೊಡುವಾಗ ಅದು ನಿಮಗೆ ಅನುಕೂಲ, ದಿಮ್ಮಿಯನ್ನೇ ಮಾರುವಾಗ ವ್ಯಾಪಾರಿಗೆ. ಮನೆ ಹತ್ತಿರದ ಮರಕ್ಕೆ ಬೇಲಿ ತಂತಿ, ಬಟ್ಟೆ ಹಗ್ಗದ ಮೊಳೆ ಇದ್ದೇ ಇರುತ್ತದೆ. ಕಬ್ಬಿಣ ಸಿಕ್ಕಿದರೆ ಮಿಲ್ಲಿನವರು ಬ್ಲೇಡಿನ ಹಣ ಕೇಳುತ್ತಾರೆ. ಅನುಮಾನದ ಬುಡದ ಐದಡಿಯನ್ನು ಬೇರೆ ತುಂಡು ಮಾಡಿಡಿ, ಅದಕ್ಕೆ ಚೈನ್‌ಸಾ ಸಾಕು. ಚೈನಾದರೆ ಹಲ್ಲು ಮೊಂಡಾದರೂ ಅರ ಹಾಕಿಕೊಳ್ಳಬಹುದು.

ಕೊಯ್ದ ದಿನವೇ

ಯಾವುದರಲ್ಲಿ ಕೊಯ್ದರೂ ತುದಿಗಳಿಗೆ ಅಂದೇ ಪೇಂಟು ಬಳಿಯಿರಿ, ಇಲ್ಲದಿದ್ದರೆ ಸೀಳು ಒಳಗೆ ಓಡುತ್ತದೆ. ಬಿಳಿ ಭಾಗಕ್ಕೆ ಕುಟ್ಟೆ ಬೀಳದಂತೆ ಬೋರಿಕ್ ಆಮ್ಲ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಬೆರೆಸಿ, ನೂರು ಲೀಟರ್ ನೀರಿಗೆ 5 ಕಿಲೋ ಲೆಕ್ಕದಲ್ಲಿ ಕರಗಿಸಿ ಹಸಿ ಹಲಗೆಗೇ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಎರಡಡಿಗೊಂದು ಒಂದಿಂಚಿನ ಒಣ ರೀಪು ಕೊಟ್ಟು ಅಟ್ಟಿ ಹಾಕಿ. ರೀಪುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿರಲಿ. ಮೇಲೆ ತಗಡು ಸಾಕು, ಪಕ್ಕಕ್ಕೆ ಟಾರ್ಪಾಲು ಸುತ್ತಿದರೆ ಬೂಷ್ಟು ಬರುತ್ತದೆ. ಬೋರಾಕ್ಸ್ ನೀರಿನಲ್ಲಿ ಕರಗುವುದರಿಂದ ಮಳೆ ಹನಿ ತಾಗುವ ಕಡೆ ಅಟ್ಟಿ ಬೇಡ. ಹಲಗೆ ಒಣಗಲು ದಪ್ಪದ ಇಂಚಿಗೊಂದು ವರ್ಷ ಎಂಬ ಲೆಕ್ಕದಲ್ಲಿ ಮಲೆನಾಡಿನ ಮಳೆಯ ನಾಲ್ಕು ತಿಂಗಳನ್ನು ಸೇರಿಸಿಕೊಳ್ಳಬೇಡಿ.